ಪೈಪ್ ಗ್ಯಾಸ್: ನಾಲ್ಕು ವರ್ಷ ಉರಿಸಿದ ಮೇಲೆ

ನಮ್ಮ ಮನೆಗೆ ಪೈಪ್ ಗ್ಯಾಸ್ ಬಂದಿದ್ದು 2021ರ ದೀಪಾವಳಿ ಹೊತ್ತಿಗೆ. ಹೊಸೂರು ರಸ್ತೆ ಕಡೆಯ ಬಡಾವಣೆ, ಕೆಳಗೆ ನಾವು, ಮೇಲೆ ಎರಡು ಬಾಡಿಗೆ ಮನೆ. ಹಿಂದಿನ ಬೀದಿಗೆ ಈಗ ಪೈಪ್ ಬರ್ತಾ ಇದೆ. ಅಲ್ಲಿಯವರು ತರಕಾರಿ ಗಾಡಿ ಹತ್ತಿರ ಸಿಕ್ಕಾಗೆಲ್ಲ "ಹೇಗಿದೆ, ತಗೋಬಹುದಾ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಒಂದೇ ಸಲ ಬರೆದು ಇಡುತ್ತೇನೆ.

ಮೊದಲು ಉರಿಯ ವಿಷಯ. ಕನೆಕ್ಷನ್ ಕೊಡಲು ಬಂದ ಹುಡುಗ ನಮ್ಮ ಹಳೇ ಒಲೆಯನ್ನೇ ಇಟ್ಟುಕೊಳ್ಳಿ ಅಂದ. ಬರ್ನರ್ ಕೆಳಗಿನ ಹಿತ್ತಾಳೆ ಜೆಟ್, ಅಂದರೆ ಗ್ಯಾಸ್ ಹೊರಬರುವ ಸಣ್ಣ ತೂತಿನ ತುಂಡು, ಬಿಚ್ಚಿ ಬೇರೆಯದು ಹಾಕಿದ. ಬೆರಳ ತುದಿಯಷ್ಟು ಚಿಕ್ಕ ವಸ್ತು ಅದು. ಸಿಲಿಂಡರ್ ಗ್ಯಾಸಿನ ಜೆಟ್‌ಗೆ ತೂತು ಸಣ್ಣ, ಪೈಪ್ ಗ್ಯಾಸಿನದಕ್ಕೆ ದೊಡ್ಡದು. ಅಷ್ಟೇ ಅಳತೆಯ ಗ್ಯಾಸ್ ಉರಿಸಿದರೆ ಪೈಪಿನದಕ್ಕೆ ಶಾಖ ಕಡಿಮೆ, ಅಡುಗೆಮನೆಗೆ ಬರುವ ಒತ್ತಡವೂ ಕಡಿಮೆ, 21 ಮಿಲಿಬಾರ್ ಮಾತ್ರ. ಹಾಗಾಗಿ ಗ್ಯಾಸು ಜಾಸ್ತಿ ಬಿಡಬೇಕು. ಅವನು ಹಾಕಿದ ಜೆಟ್ ನಮ್ಮ ಒಲೆಗೆ ಸರಿಹೊಂದಲಿಲ್ಲ. ಮೊದಲ ದಿನ ಅಕ್ಕಿರೊಟ್ಟಿ ಹಾಕಿದರೆ ಬೇಯುವ ಬದಲು ಒಣಗಿತು. ನಮ್ಮ ಅತ್ತೆ ಬಗ್ಗಿ ನೋಡಿ, "ಇದೇನೇ, ತುಳಸಿಕಟ್ಟೆ ದೀಪದ ಹಾಗೆ ಉರೀತಿದೆ" ಅಂದರು. ನಾಲ್ಕು ದಿನ ಫೋನ್ ಮಾಡಿದ ಮೇಲೆ ಬೇರೆ ಹುಡುಗ ಬಂದ. ಜೆಟ್ ಬದಲಿಸಿದ, ಗಾಳಿ ಬಿಡುವ ಬಳೆ ತಿರುಗಿಸಿದ. ಅಲ್ಲಿಂದ ಇವತ್ತಿನವರೆಗೂ ನೀಲಿ ಉರಿ. ಪಾತ್ರೆಯ ತಳಕ್ಕೆ ಮಸಿ ಇಲ್ಲ. ಹೋಳಿಗೆ ಹೆಂಚಿಗೆ ಸಣ್ಣ ಉರಿ ಬೇಕು ಅಂದರೆ ಸಣ್ಣಗೇ ನಿಲ್ಲುತ್ತದೆ.

ಇನ್ನು ನೆಮ್ಮದಿ. ಹಬ್ಬದ ದಿನ ಬೇಳೆ ಅರ್ಧ ಬೆಂದಾಗಲೇ ಸಿಲಿಂಡರ್ ಮುಗಿಯುತ್ತಿತ್ತಲ್ವಾ, ಅದು ಇಲ್ಲ. ಅಲ್ಲಾಡಿಸಿ ನೋಡುವುದು, ಬಕೆಟ್ ಬಿಸಿನೀರಲ್ಲಿ ಇಡುವುದು, ಪಕ್ಕದ ಮನೆಯಿಂದ ಸಾಲ ತರುವುದು ಯಾವುದೂ ಇಲ್ಲ. ಸೋರಿದರೆ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ. ಇದು ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ. ಅದಕ್ಕೇ ಕಿಟಕಿಯ ಮೇಲ್ಗಡೆ ಗಾಳಿ ಹೋಗಲು ಜಾಗ ಬಿಡಿಸುತ್ತಾರೆ. ದಯವಿಟ್ಟು ಚಳಿ ಅಂತ ಅದಕ್ಕೆ ರಟ್ಟು ಅಂಟಿಸಬೇಡಿ. ಮೇಲಿನ ಬಾಡಿಗೆಯವರು ಅಂಟಿಸಿದ್ದರು, ನಾನೇ ಹೋಗಿ ಕಿತ್ತೆ.

ಬಿಲ್ಲು ಎರಡು ತಿಂಗಳಿಗೊಮ್ಮೆ. ನಾವು ಐದು ಜನ, 26ರಿಂದ 28 ಯೂನಿಟ್ ಆಗುತ್ತದೆ. ಒಂದು ಯೂನಿಟ್ ಅಂದರೆ ಒಂದು ಘನ ಮೀಟರ್ ಗ್ಯಾಸ್. ಒಂದು ಮನೆ ಸಿಲಿಂಡರ್ ಸುಮಾರು 16ರಿಂದ 18 ಯೂನಿಟ್‌ಗೆ ಸಮ ಅಂತ ಲೆಕ್ಕ ಇಟ್ಟುಕೊಳ್ಳಿ, ನಿಮ್ಮ ಮನೆಗೆ ಲಾಭವೋ ಅಲ್ಲವೋ ತಿಳಿಯುತ್ತದೆ. ನಮಗೆ ಲಾಭವೇ, ಆದರೆ ಹೇಳಿಕೊಳ್ಳುವಷ್ಟೇನಲ್ಲ. ಒಂದು ಸಲ ಮೀಟರ್ ನೋಡದೆ ಅಂದಾಜಿಗೆ ದುಪ್ಪಟ್ಟು ಬಿಲ್ ಹಾಕಿದರು. ಮೀಟರಿನ ಫೋಟೋ ಮೂರು ಸಲ ಕಳಿಸಿದ ಮೇಲೆ ಸರಿಮಾಡಿದರು. ಅದಕ್ಕೇ ನಾನು ಪ್ರತಿ ತಿಂಗಳ ಒಂದನೇ ತಾರೀಕು ಮೀಟರ್ ಫೋಟೋ ತೆಗೆದು ಇಡುತ್ತೇನೆ. ಹಾಲಿನ ಲೆಕ್ಕ ಬರೆದ ಹಾಗೆ.

ಒಟ್ಟು ಐದಕ್ಕೆ ಮೂರೂವರೆ. ಅರ್ಧ ಕಳೆದಿದ್ದು ಬಿಲ್ಲಿಗೆ. ಇನ್ನೊಂದು ಮಾರ್ಕು ಯಾಕೆ ಕಳೆದೆ ಅನ್ನುವುದೇ ದೊಡ್ಡ ಕತೆ.

2022ರಲ್ಲಿ ದರ ಏರಲು ಶುರುವಾಯಿತು. ಒಂದು ಸಲ ಅಲ್ಲ, ಮೇಲಿಂದ ಮೇಲೆ. ಪೈಪ್ ಬೆಂಗಳೂರಲ್ಲಿ, ಒಲೆ ನಮ್ಮ ಮನೇಲಿ, ಯುದ್ಧ ಉಕ್ರೇನಿನಲ್ಲಿ, ನನ್ನ ಬಿಲ್ಲು ಯಾಕೆ ಏರಬೇಕು ಅಂತ ಸಿಟ್ಟು ಬಂತು. ಆಮೇಲೆ ನಮ್ಮ ಯಜಮಾನರು ಪೇಪರ್ ಓದಿ ಹೇಳಿದರು. ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ, ನಮ್ಮ ದೇಶ ಬಳಸುವ ಆ ಅನಿಲದಲ್ಲಿ ಹೆಚ್ಚುಕಮ್ಮಿ ಅರ್ಧ ಹೊರಗಿನದು. ಕತಾರ್‌ನಂಥ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಸೊನ್ನೆಗಿಂತ 160 ಡಿಗ್ರಿ ಕೆಳಗೆ ತಣ್ಣಗೆ ಮಾಡಿ ದ್ರವ ಮಾಡುತ್ತಾರೆ, 600 ಪಾಲಿನ ಜಾಗ ಒಂದು ಪಾಲಿಗೆ ಇಳಿಯುತ್ತದೆ. ರಷ್ಯಾದ ಪೈಪ್ ನಿಂತಾಗ ಯೂರೋಪಿನವರು ದುಡ್ಡು ಸುರಿದು ಸಿಕ್ಕ ಸಿಕ್ಕ ಹಡಗನ್ನೆಲ್ಲ ಕೊಂಡರು. ನಮಗೆ ಬರಬೇಕಿದ್ದ ಕೆಲವು ಬರಲೇ ಇಲ್ಲ. ನಮ್ಮ ನೆಲದ ಗ್ಯಾಸಿಗೆ 2023ರ ಏಪ್ರಿಲ್‌ನಲ್ಲಿ ಸರ್ಕಾರ ಹೊಸ ಲೆಕ್ಕ ತಂದು ದರಕ್ಕೆ ಮಿತಿ ಹಾಕಿತು. ಆಗ ಬಿಲ್ಲು ಸ್ವಲ್ಪ ಇಳಿಯಿತು.

ಅಂದರೆ ಪೈಪ್ ಇದ್ದ ಮಾತ್ರಕ್ಕೆ ಆಗಲಿಲ್ಲ, ಆ ತುದಿಯಲ್ಲಿ ಗ್ಯಾಸ್ ಇರಬೇಕು. ನಮ್ಮ ಆ ತುದಿ ಹಡಗಿನಿಂದ ಗ್ಯಾಸ್ ಇಳಿಸುವ ಮಹಾರಾಷ್ಟ್ರದ ದಾಭೋಲ್. ಅಲ್ಲಿಂದ ಬೆಂಗಳೂರಿಗೆ ಸುಮಾರು 1,000 ಕಿಲೋಮೀಟರ್ ಪೈಪು, 2013ರಲ್ಲಿ ಶುರುವಾಗಿದ್ದು. ತಮಾಷೆ ಕೇಳಿ: ದಾಭೋಲ್‌ನಲ್ಲಿ ಅಲೆ ತಡೆಯುವ ಗೋಡೆ ಪೂರ್ತಿಯಾಗದೆ, ಮಳೆಗಾಲದಲ್ಲಿ ವರ್ಷಗಟ್ಟಲೆ ಹಡಗು ನಿಲ್ಲಿಸಲು ಆಗುತ್ತಿರಲಿಲ್ಲ. ಗುಜರಾತಿನ ದಹೇಜ್ ಕಡೆಯಿಂದಲೂ ಪೈಪ್ ಜೋಡಣೆ ಇದೆ, ಅದರಿಂದ ಬಚಾವು.

ಕೊಚ್ಚಿಯದು ತಿರುಗುಮುರುಗು. ಅಲ್ಲಿ ವರ್ಷಕ್ಕೆ 50 ಲಕ್ಷ ಟನ್ ಇಳಿಸುವ ಟರ್ಮಿನಲ್ 2013ರಲ್ಲೇ ತಯಾರಾಯಿತು. ಪೈಪ್ ಇಲ್ಲ! ಹಡಗು ಬಂದರೂ ಗ್ಯಾಸ್ ಕಳಿಸುವುದು ಎಲ್ಲಿಗೆ? ಸೀರೆ ಕೊಂಡು ಬೀರು ಕೀಲಿ ಕಳೆದುಕೊಂಡ ಹಾಗೆ. ಮಂಗಳೂರಿನವರೆಗಿನ 450 ಕಿಲೋಮೀಟರ್ ಲೈನ್ ಉದ್ಘಾಟನೆ ಆಗಿದ್ದು 2021ರ ಜನವರಿಯಲ್ಲಿ. ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಡಿಯಲ್ಲಿ ಪೈಪ್ ದಾಟಿಸಲು ಕೊನೆವರೆಗೂ ಒದ್ದಾಡಿದರು. ಅದಕ್ಕೂ ಮೊದಲು ಮಲಬಾರ್ ಕಡೆ ಜನ ಬೀದಿಗಿಳಿದಿದ್ದರು. ಕೊಚ್ಚಿಯಿಂದ ಬೆಂಗಳೂರಿನ ಕಡೆಗೆ ಇನ್ನೊಂದು ಲೈನ್ ತಮಿಳುನಾಡಿನ ಮೇಲೆ ಬರಬೇಕಿತ್ತು. ಅಲ್ಲಿ ಕೊಯಮತ್ತೂರು, ಈರೋಡ್, ಧರ್ಮಪುರಿ ಸೇರಿ ಏಳು ಜಿಲ್ಲೆಯ ರೈತರು "ಹೊಲದಲ್ಲಿ ಬೇಡ, ಹೆದ್ದಾರಿ ಪಕ್ಕ ಹಾಕಿ" ಅಂದರು. 2013ರಲ್ಲಿ ಅಲ್ಲಿನ ಸರ್ಕಾರವೂ ಅದನ್ನೇ ಹೇಳಿತು. 2016ರಲ್ಲಿ ಸುಪ್ರೀಂ ಕೋರ್ಟ್ ಪೈಪ್ ಹಾಕುವ ಗೇಲ್ ಕಂಪನಿಯ ಪರ ತೀರ್ಪು ಕೊಟ್ಟಿತು. ಹೆದರಿಕೆ ಸುಮ್ನೆ ಬಂದದ್ದೂ ಅಲ್ಲ. 2014ರ ಜೂನ್‌ನಲ್ಲಿ ಆಂಧ್ರದ ನಗರಂ ಅನ್ನುವ ಊರಲ್ಲಿ ಪೈಪ್ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಟೀವಿಯಲ್ಲಿ ಈ ಜಗಳ ನೋಡಿದಾಗ, ಅಭಿವೃದ್ಧಿ ಬೇಡ ಅಂದರೆ ಹೇಗೆ ಅಂತ ನಾನೂ ಅಂದುಕೊಂಡವಳೇ. ನನಗೆ ಗ್ಯಾಸ್ ಬೇಕಿತ್ತಲ್ಲ.

ನಮ್ಮ ಅಕ್ಕನನ್ನು ಕೊಟ್ಟಿರುವುದು ತುಮಕೂರು ಜಿಲ್ಲೆಯ ಹಳ್ಳಿಗೆ. ಭಾವನ ತೆಂಗಿನ ತೋಟದ ಒಂದು ಮೂಲೆಯಲ್ಲಿ ಪೈಪ್‌ಲೈನ್ ಹಾದುಹೋಗಿದೆ. ಹೋದ ಸಂಕ್ರಾಂತಿಗೆ ಹೋದಾಗ ನೋಡಿದೆ. ತೋಟದ ನಡುವೆ ಬೈತಲೆ ತೆಗೆದ ಹಾಗೆ ಉದ್ದಕ್ಕೂ ಖಾಲಿ ಪಟ್ಟಿ. ತುದಿಯಲ್ಲಿ ನಂಬರ್ ಬರೆದ ಹಳದಿ ಕಲ್ಲು. ಪಟ್ಟಿಯ ಮೇಲೆ ರಾಗಿ ಕೊಯ್ದ ಕೂಳೆ. ಹನ್ನೊಂದು ತೆಂಗಿನಮರ ಹೋಯಿತಂತೆ, ಭಾವನ ಅಪ್ಪ ನೆಟ್ಟಿದ್ದು.

"ಮರಕ್ಕೆ ದುಡ್ಡು ಕೊಟ್ರು ಕಣಮ್ಮ, ಇಲ್ಲ ಅನ್ನಕ್ಕಾಗಲ್ಲ. ಇನ್ಮೇಲೆ ಅಲ್ಲಿ ಮರ ಹಾಕಂಗಿಲ್ಲ, ಬಾವಿ ತೋಡಂಗಿಲ್ಲ, ಕೊಟ್ಟಿಗೆ ಕಟ್ಟಂಗಿಲ್ಲ. ರಾಗಿ ಬೇಕಾದ್ರೆ ಬಿತ್ಕಳಿ ಅಂದ್ರು. ಪಹಣಿ ನಂದೇ" ಅಂದರು ಭಾವ. ಪೈಪ್‌ಲೈನ್‌ಗೆ ಜಮೀನು ಬಳಸುವ 1962ರ ಕಾಯಿದೆ ಹಾಗೇ ಇದೆ. ಜಮೀನು ಕೊಳ್ಳುವುದಿಲ್ಲ, ಬಳಸುವ ಹಕ್ಕು ಮಾತ್ರ ತೆಗೆದುಕೊಳ್ಳುತ್ತಾರೆ. ಅದಕ್ಕೆ ಆ ಕಾಯಿದೆಯ ಲೆಕ್ಕ ಮಾರುಕಟ್ಟೆ ಬೆಲೆಯ ನೂರಕ್ಕೆ ಹತ್ತು. ತೆಂಗು ಅರವತ್ತು ವರ್ಷ ಕಾಯಿ ಬಿಡುವ ಮರ, ಯಾವ ಹತ್ತು ಪರ್ಸೆಂಟಿಗೆ ಅದು ಸಮ?

ಲೈನ್ ನೋಡಿಕೊಳ್ಳಲು ಒಬ್ಬ ಹುಡುಗ ದಿನಾ ನಡೆದು ಬರುತ್ತಾನಂತೆ. ಅಕ್ಕನ ಮನೆಯಲ್ಲಿ ನೀರು ಕುಡಿದು ಮುಂದೆ ಹೋಗುತ್ತಾನೆ. ಅಕ್ಕ ಅವತ್ತು ಕಾಫಿ ಕಾಸುತ್ತಿದ್ದದ್ದು ಸಿಲಿಂಡರ್ ಒಲೆಯ ಮೇಲೆ. ಅವರ ಊರಿಗೆ ಪೈಪ್ ಗ್ಯಾಸ್ ಇಲ್ಲ. ಮನೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಅವರದೇ ನೆಲದ ಅಡಿಯಲ್ಲಿ ನನ್ನ ಒಲೆಯ ಗ್ಯಾಸ್ ಹರಿಯುತ್ತಿದೆ. ಅಕ್ಕ ಬುಕ್ ಮಾಡಿ ಗಾಡಿಗೆ ಕಾಯುತ್ತಾಳೆ. ದೊಡ್ಡ ಪೈಪಿನ ಒತ್ತಡ ಭಾರೀ, ಅದಕ್ಕೆ ತೂತು ಹಾಕಿ ಮನೆಗೆ ಎಳೆಯಲು ಆಗುವುದಿಲ್ಲ, ಸ್ಟೇಷನ್ ಕಟ್ಟಿ ಒತ್ತಡ ಇಳಿಸಬೇಕು, ನಾಲ್ಕು ಮನೆಗೆ ಅದು ಗಿಟ್ಟುವುದಿಲ್ಲ. ಗೊತ್ತು. ಆದರೂ ಆ ಕಾಫಿ ಗಂಟಲಲ್ಲಿ ಸ್ವಲ್ಪ ನಿಂತಿತು.

ಹಾಗಂತ ಹೊಸ ಪೈಪ್ ಬೇಡ ಅನ್ನುವವಳಲ್ಲ. ಪೈಪ್ ಇದ್ದರೆ ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆಯಿಂದ ತರಬಹುದು, ದಾಭೋಲ್ ವಿಷಯದಲ್ಲೇ ನೋಡಿದೆವಲ್ಲ. ಆದರೆ ಮರ ಹಾಕುವಂತಿಲ್ಲ ಅಂದ ನೆಲಕ್ಕೆ ಒಂದೇ ಸಲ ದುಡ್ಡು ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ. ವರ್ಷ ವರ್ಷ ಬಾಡಿಗೆ ಕೊಡಲಿ. ಮೊಬೈಲ್ ಟವರ್‌ಗೆ ಕೊಡಲ್ವಾ? ಅದಕ್ಕಾಗಿ ನನ್ನ ಬಿಲ್ಲಿನಲ್ಲಿ ಹತ್ತು ರೂಪಾಯಿ ಜಾಸ್ತಿ ಹಾಕಿದರೆ ಕೊಡುತ್ತೇನೆ. ಕಳೆದ ಒಂದು ಮಾರ್ಕು ಅದಕ್ಕೆ.

ಹೊಸದಾಗಿ ತಗೊಳ್ಳುವವರಿಗೆ ಇನ್ನೆರಡು ಮಾತು. ಒಂದು ಇಂಡಕ್ಷನ್ ಒಲೆ ಇಟ್ಟುಕೊಳ್ಳಿ. ಹೋದ ಆಷಾಢದಲ್ಲಿ ಯಾರೋ ಕೇಬಲ್ ಹಾಕುವವರು ಜೆಸಿಬಿ ಬಿಟ್ಟು ಬೀದಿಯ ಪೈಪ್ ಕಿತ್ತರು. ಒಂದೂವರೆ ದಿನ ಗ್ಯಾಸ್ ಇಲ್ಲ. ಸಿಲಿಂಡರ್ ವಾಪಸ್ ಕೊಟ್ಟಾಗಿತ್ತು. "ನಾನು ಹೇಳಲಿಲ್ವಾ" ಅಂತ ಅತ್ತೆ ಎರಡು ದಿನ ಹೇಳಿದರು. ರಿಪೇರಿಯವರು ಮಾತ್ರ ರಾತ್ರಿ ಹನ್ನೊಂದರವರೆಗೂ ಗುಂಡಿಯಲ್ಲಿ ಕೂತು ಕೆಲಸ ಮಾಡಿದರು, ಅದನ್ನೂ ಹೇಳಬೇಕು.

ಇನ್ನೊಂದು, ಒಲೆಯಿಂದ ಬಿಚ್ಚಿದ ಹಳೇ ಜೆಟ್‌ಗಳನ್ನು ಎಸೆಯಬೇಡಿ. ಮನೆ ಬದಲಿಸಿ ಮತ್ತೆ ಸಿಲಿಂಡರ್‌ಗೆ ಹೋದರೆ ಅವೇ ಬೇಕು. ದೊಡ್ಡ ತೂತಿನ ಜೆಟ್ ಇಟ್ಟುಕೊಂಡು ಸಿಲಿಂಡರ್ ಹಾಕಿದರೆ ಉರಿ ಮುಖಕ್ಕೇ ಬರುತ್ತದೆ. ನನ್ನವು ಸಾಸಿವೆ ಡಬ್ಬಿಯ ಪಕ್ಕ, ಹಳೇ ಕುಂಕುಮದ ಭರಣಿಯಲ್ಲಿ ಇವೆ.