ಪೇಪರಾ, ಪ್ಯಾಡಾ, ಮರಳಾ? ಮಳೆಗಾಲದಲ್ಲಿ ಮರಿ ಸಾಕಿದ ಲೆಕ್ಕ

ಜೂನ್ ಮೊದಲ ವಾರದಲ್ಲಿ ಯಾರಾದರೂ ನಾಯಿಮರಿ ತರುತ್ತಾರಾ? ನಾವು ತಂದೆವು. ಆಚೆಮನೆಯ ಹಟ್ಟಿಯಲ್ಲಿ ಊರನಾಯಿಯೊಂದು ಮೂರು ಮರಿ ಹಾಕಿತ್ತು. ಎರಡಕ್ಕೆ ಮನೆ ಸಿಕ್ಕಿತು, ಉಳಿದದ್ದು ನಮ್ಮ ಪಾಲಿಗೆ ಬಂತು. ಆಗ ಅವಳಿಗೆ ಎರಡು ತಿಂಗಳು. ಆಗಷ್ಟೇ ಎಣ್ಣೆಯಿಂದ ತೆಗೆದ ಗೋಳಿಬಜೆಯ ಬಣ್ಣ, ಆಕಾರವೂ ಹೆಚ್ಚುಕಡಿಮೆ ಅದೇ. ಗೋಳಿ ಅಂತ ಹೆಸರಿಟ್ಟೆವು.

ನಮ್ಮದು ಉಡುಪಿಯ ಸಂತೆಕಟ್ಟೆ ಹತ್ತಿರ ಹಳೆಯ ಹಂಚಿನ ಮನೆ. ಕೆಂಪು ಗಾರೆ ನೆಲ, ಎದುರು ಜಗಲಿ, ಹಿಂದೆ ಕಟ್ಟಿಗೆ ಇಡುವ ಕೊಟ್ಟಿಗೆ. ಮರಿ ಸಾಕುವುದು ಹೇಗೆ ಅಂತ ಮೊಬೈಲಿನಲ್ಲಿ ವಿಡಿಯೋ ನೋಡಿದರೆ ಎಲ್ಲದರಲ್ಲೂ ಬಿಸಿಲು, ಒಣ ಹುಲ್ಲು. 'ಮರಿಯನ್ನು ಎರಡು ಗಂಟೆಗೊಮ್ಮೆ ಹೊರಗೆ ಕರೆದುಕೊಂಡು ಹೋಗಿ' ಅನ್ನುತ್ತಾರೆ. ನಮ್ಮ ಹೊರಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರೇ. ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಡುವಂಥ ಮಳೆಗೆ ನಾಯಿಮರಿಯ ಹೊಟ್ಟೆ ರಜೆ ಕೊಡುವುದಿಲ್ಲ. ಹಾಗಾಗಿ ಪ್ರತಿಯೊಂದಕ್ಕೂ ಎರಡು ಮೂರು ದಾರಿ ಹಿಡಿದು ನೋಡಬೇಕಾಯಿತು. ನಮ್ಮ ಮನೆಯಲ್ಲಿ ಯಾವುದು ನಿಂತಿತು, ಯಾವುದು ತೊಳೆದುಹೋಯಿತು ಅಂತ ಬರೆಯುತ್ತೇನೆ.

ಮೊದಲು ಉಚ್ಚೆಯ ವಿಷಯ. ಅರ್ಧ ಕಥೆ ಅದೇ.

ಪೇಪರಿನಿಂದ ಶುರು ಮಾಡಿದೆ. ನಮ್ಮಲ್ಲಿ ಹಳೆ ಪೇಪರಿಗೆ ಬರಗಾಲವಿಲ್ಲ, ಅಪ್ಪ ಒಂದನ್ನೂ ಗುಜರಿಗೆ ಕೊಡುವುದಿಲ್ಲ. ಚಾವಡಿಯ ಮೂಲೆಯಲ್ಲಿ ನಾಲ್ಕು ಹಾಳೆ ಹಾಸಿದೆ. ಮೂರನೇ ದಿನಕ್ಕೇ ಗೋಳಿ ತಾನಾಗಿ ಅಲ್ಲಿಗೆ ಹೋಗತೊಡಗಿದಳು. ಖರ್ಚು ಸೊನ್ನೆ. ಇಷ್ಟು ಸುಲಭವಾ ಅಂದುಕೊಂಡೆ. ಆದರೆ ಮಳೆಗಾಲದಲ್ಲಿ ಪೇಪರು ಮೊದಲೇ ಥಂಡಿ ಹಿಡಿದು ಮೆತ್ತಗಿರುತ್ತದೆ, ಮತ್ತೆ ಎಂತ ಹೀರುತ್ತದೆ? ಉಚ್ಚೆ ಹಾಳೆಯ ಅಡಿಯಿಂದ ಹರಿದು ಗಾರೆಯ ಬಿರುಕಿಗೆ ಇಳಿಯುತ್ತಿತ್ತು. ಹಾಳೆ ಎತ್ತಿದರೆ ಅರ್ಧ ಕೈಗೆ, ಅರ್ಧ ನೆಲಕ್ಕೆ.

ಅದನ್ನಾದರೂ ಸಹಿಸಬಹುದಿತ್ತು. ಇನ್ನೊಂದು ತೊಂದರೆ ನನಗೆ ತಡವಾಗಿ ಹೊಳೆಯಿತು. ಈ ವಯಸ್ಸಿನ ಮರಿ ಜಾಗವನ್ನಷ್ಟೇ ಕಲಿಯುವುದಿಲ್ಲ, ಕಾಲಡಿಗೆ ಏನು ತಾಗುತ್ತದೆ ಅನ್ನುವುದನ್ನೂ ಕಲಿಯುತ್ತದೆ. ಗೋಳಿ ಕಲಿತದ್ದು ಮೂಲೆಯನ್ನಲ್ಲ, ಪೇಪರನ್ನು. ಒಂದು ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಆ ದಿನದ ಪೇಪರ್ ಬಿಚ್ಚಿಟ್ಟು ಕನ್ನಡಕ ತರಲು ಒಳಗೆ ಹೋದರು. ಬಂದು ನೋಡಿದರೆ ಗೋಳಿ ಕ್ರೀಡಾಪುಟದ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಮುಖದಲ್ಲಿ ಪರಮ ಶಾಂತಿ. "ಇವಳಿಗೆ ನಿನ್ನೆಯದು, ಇವತ್ತಿನದು ಅಂತ ಉಂಟಾ?" ಅಂದರು ಅಪ್ಪ. ಬೈಯಲೂ ಆಗಲಿಲ್ಲ. ಅವಳ ಲೆಕ್ಕದಲ್ಲಿ ಅವಳು ಮಾಡಿದ್ದು ಸರಿಯೇ.

ಮತ್ತೆ ಮರಿಗಳ ಉಚ್ಚೆ ಹೀರಲೆಂದೇ ಮಾಡಿದ ಪ್ಯಾಡ್ ತಂದೆ. ಒಂದಕ್ಕೆ ಸುಮಾರು ಇಪ್ಪತ್ತು ರೂಪಾಯಿ ಬಿತ್ತು. ದಿನಕ್ಕೆ ಮೂರು ನಾಲ್ಕು ಬೇಕು. ಹೀರುವ ವಿಷಯದಲ್ಲಿ ಪೇಪರಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ನೆಲ ಒಣಗಿಯೇ ಇರುತ್ತದೆ, ವಾಸನೆಯೂ ಕಡಿಮೆ. ಆದರೆ ಮೆತ್ತಗೆ, ಚೌಕಾಕಾರವಾಗಿ ನೆಲದ ಮೇಲೆ ಬಿದ್ದುಕೊಂಡಿರುವ ವಸ್ತು ನಮ್ಮ ಮನೆಯಲ್ಲಿ ಪ್ಯಾಡ್ ಒಂದೇ ಅಲ್ಲವಲ್ಲ. ಕಾಲೊರಸುವ ಮ್ಯಾಟ್ ಹೋಯಿತು, ಅಮ್ಮನ ಚಾಪೆ ಹೋಯಿತು. ಬೇಸರ ಬಂದಾಗ ಪ್ಯಾಡನ್ನೇ ಹರಿದು ಒಳಗಿನ ಹತ್ತಿಯನ್ನು ಚಾವಡಿ ತುಂಬ ಹರಡಿದಳು. ಅದನ್ನು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳಬಹುದು. ಮತ್ತೆ ಈ ಒದ್ದೆ ಪ್ಯಾಡುಗಳನ್ನು ಎಸೆಯುವುದೆಲ್ಲಿ? ಫ್ಲ್ಯಾಟಿನ ನಾಲ್ಕನೇ ಮಾಳಿಗೆಯಲ್ಲಿ ಇರುವವರಿಗೆ ಬೇರೆ ದಾರಿ ಇಲ್ಲ, ಅವರು ಪ್ಯಾಡನ್ನು ಟ್ರೇಯಲ್ಲಿ ಬಿಗಿಸಿ ಇಟ್ಟರೆ ನಡೆಯುತ್ತದೆ. ಹಿತ್ತಿಲು ಇರುವವರು ಯಾಕೆ ತರಬೇಕು ಅಂತ ನನಗೆ ಅರ್ಥವಾಗುವುದಿಲ್ಲ. ನಾನೂ ತಂದಿದ್ದೆ, ಆ ಮಾತು ಬೇರೆ.

ಮೂರನೆಯದನ್ನು ಸೂಚಿಸಿದ್ದು ಅಮ್ಮ. "ಎಂತಕ್ಕೆ ಮಾರಾಯ್ತಿ ಅಷ್ಟು ದುಡ್ಡು? ಕೊಟ್ಟಿಗೆಯಲ್ಲಿ ಸ್ವಲ್ಪ ಹೊಯ್ಗೆ ಹಾಕು." ಬಾವಿಕಟ್ಟೆ ರಿಪೇರಿಯಾದಾಗ ಉಳಿದ ಮರಳು ಮೂಲೆಯಲ್ಲಿ ಬಿದ್ದಿತ್ತು. ಕಟ್ಟಿಗೆ ಕೊಟ್ಟಿಗೆಯ ಒಂದು ಬದಿ ಖಾಲಿ ಮಾಡಿ, ನಾಲ್ಕು ಕೆಂಪುಕಲ್ಲು ಅಡ್ಡ ಇಟ್ಟು, ಎರಡು ಬುಟ್ಟಿ ಮರಳು ಸುರಿದೆ. ಮೇಲೆ ಶೀಟು ಉಂಟು, ಮಳೆ ಬೀಳುವುದಿಲ್ಲ. ಒದ್ದೆಯಾದ ಒಂದು ಪೇಪರ್ ತುಂಡನ್ನು ಮರಳಿನ ಮೇಲಿಟ್ಟು ವಾಸನೆ ತೋರಿಸಿದೆ.

ಬೇಗ ಆಗಲಿಲ್ಲ. ಪೇಪರು ಮೂರು ದಿನದಲ್ಲಿ ಬಂದಿತ್ತು, ಮರಳಿಗೆ ಮೂರು ವಾರ ಬೇಕಾಯಿತು. ಎದ್ದ ಕೂಡಲೇ, ತಿಂದ ಕೂಡಲೇ, ಆಡಿ ಮುಗಿದ ಕೂಡಲೇ ಎತ್ತಿಕೊಂಡು ಓಡಬೇಕು. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು ಅಂತ ಒಂದು ಅಂದಾಜು ಉಂಟು. ಎರಡು ತಿಂಗಳ ಮರಿಗೆ ಮೂರು ಗಂಟೆ. ಅದೂ ಹೆಚ್ಚೆಂದರೆ. ಹಾಗಾಗಿ ರಾತ್ರಿ ಮೂರಕ್ಕೆ ಅಲಾರಂ. ಒಂದು ಕೈಯಲ್ಲಿ ಗೋಳಿ, ಇನ್ನೊಂದರಲ್ಲಿ ಕೊಡೆ, ಬಾಯಲ್ಲಿ ಟಾರ್ಚು. ಹಿಂಬಾಗಿಲಿಂದ ಕೊಟ್ಟಿಗೆಗೆ ಹತ್ತೇ ಹೆಜ್ಜೆ, ಅಷ್ಟರಲ್ಲೇ ಲಂಗ ಮೊಣಕಾಲಿನವರೆಗೆ ಒದ್ದೆ. ಶೀಟಿನ ಮೇಲೆ ಮಳೆಯ ಸದ್ದಿಗೆ ನಮ್ಮ ಮಾತು ನಮಗೇ ಕೇಳಿಸುವುದಿಲ್ಲ. ಇಳಿಸಿದರೆ ಅವಳು ಮೂಸುತ್ತಾಳೆ. ಒಂದು ಸುತ್ತು ಬರುತ್ತಾಳೆ. ಕಟ್ಟಿಗೆಯ ಸಂದಿಯಲ್ಲಿರುವ ಗೊದ್ದ ಕಪ್ಪೆಯನ್ನು (ಮೈಯೆಲ್ಲ ಗುಳ್ಳೆ ಇರುವ ನೆಲಗಪ್ಪೆ) ನೋಡಿ ಬಂದ ಕೆಲಸವನ್ನೇ ಮರೆಯುತ್ತಾಳೆ. ಮತ್ತೆ ನೆನಪಾಗಿ ಕೂರುತ್ತಾಳೆ. ಟಾರ್ಚಿನ ಬೆಳಕಲ್ಲಿ ಮರಳಿನ ಮೇಲೆ ಒಂದು ರೂಪಾಯಿಯಷ್ಟಗಲದ ಕಪ್ಪು ಚುಕ್ಕಿ ಮೂಡಿ, ದೋಸೆಯ ಹಾಗೆ ಹರಡುತ್ತದೆ. ಅಲ್ಲೇ, ಆಗಲೇ, ಒಂದು ಚೂರು ಬೇಯಿಸಿದ ಕೋಳಿ ಬಾಯಿಗೆ ಕೊಡಬೇಕು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತಾಳೆ.

ಕಪ್ಪೆಯ ಬಗ್ಗೆ ಒಂದು ಮಾತು. ಗೊದ್ದ ಕಪ್ಪೆಯ ಚರ್ಮದಲ್ಲಿ ವಿಷ ಇರುತ್ತದೆ. ಗೋಳಿ ಒಮ್ಮೆ ನೆಕ್ಕಿ ಬಾಯಲ್ಲಿ ನೊರೆ ತಂದುಕೊಂಡಳು. ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಒರೆಸಿ ಒರೆಸಿ ತೊಳೆದೆ. ಆಮೇಲೆ ಸರಿಯಾದಳು. ನೊರೆ ನಿಲ್ಲದಿದ್ದರೆ, ಮರಿ ನಡುಗತೊಡಗಿದರೆ ಕಾಯಬಾರದು, ಡಾಕ್ಟ್ರ ಹತ್ತಿರ ಓಡಬೇಕು.

ಮರಳಿನ ಮೇಲೆ ನನಗೆ ನಂಬಿಕೆ ಬರಲು ಇನ್ನೊಂದು ಕಾರಣವೂ ಇತ್ತು. ಲಸಿಕೆಗಳೆಲ್ಲ ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ರಸ್ತೆಗೆ ಮರಿಯನ್ನು ಇಳಿಸಬೇಡಿ ಅಂತ ಡಾಕ್ಟ್ರು ಹೇಳಿದ್ದರು. ಮರಿಗಳಿಗೆ ವಾಂತಿ, ಭೇದಿ ತಂದು ಜೀವಕ್ಕೇ ಕುತ್ತಾಗುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲ ಚುಚ್ಚುಮದ್ದು ಆರರಿಂದ ಎಂಟು ವಾರಕ್ಕೆ, ಮತ್ತೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರದವರೆಗೆ. ರೇಬೀಸಿನದು ಮೂರು ತಿಂಗಳಿಗೆ. ಇಲಿಜ್ವರದ್ದನ್ನೂ ಕೇಳಿ ಹಾಕಿಸಿದೆ, ನಮ್ಮ ಕಡೆ ಮಳೆಗಾಲದಲ್ಲಿ ಅದು ಮನುಷ್ಯರನ್ನೇ ಬಿಡುವುದಿಲ್ಲ. ಬೇರೆ ನಾಯಿ ಬಾರದ, ನಮ್ಮದೇ ಕೊಟ್ಟಿಗೆ ಇರುವಾಗ ರಸ್ತೆಯ ಚಿಂತೆಯೇ ಬರಲಿಲ್ಲ.

ಒಳಗೆ ಮಾಡಿದ್ದನ್ನು ಒರೆಸಲು ಅಮ್ಮನದು ಫಿನಾಯಿಲ್, ನನ್ನದು ನೀರು ಬೆರೆಸಿದ ವಿನೆಗರ್. ಫಿನಾಯಿಲ್ ನಮ್ಮ ಮೂಗಿಗೆ ಮೋಸ ಮಾಡುತ್ತದೆ, ನಾಯಿಯ ಮೂಗಿಗಲ್ಲ. ಅದೇ ಜಾಗಕ್ಕೆ ಮತ್ತೆ ಬಂದು ಕೂರುತ್ತಿದ್ದಳು. ನೆಕ್ಕಿದರೆ ಅಪಾಯವೂ ಹೌದು. ವಿನೆಗರ್ ವಾಸಿ. ಚಾಪೆಗೆ ಮಾತ್ರ ಎರಡೂ ಆಗಲಿಲ್ಲ. ಸಾಕುಪ್ರಾಣಿ ಅಂಗಡಿಯ ಎಂಜೈಮ್ ದ್ರಾವಣ ತರಬೇಕಾಯಿತು. ದುಬಾರಿ, ಆದರೆ ಕೆಲಸ ಮಾಡಿತು.

ರಾತ್ರಿ ಮಲಗಿಸುವ ವಿಷಯದಲ್ಲಿ ಮನೆಯಲ್ಲೇ ಎರಡು ಪಕ್ಷ. "ನಾಯಿ ಅಂದರೆ ಜಗಲಿಯಲ್ಲಿ" ಅನ್ನುವುದು ಅಪ್ಪನ ಪಕ್ಷ. ಮೊದಲ ಎರಡು ರಾತ್ರಿ ಗೋಣಿ ಹಾಸಿ ಜಗಲಿಯಲ್ಲೇ ಬಿಟ್ಟೆವು. ತಾಯಿ, ಒಡಹುಟ್ಟಿದವರನ್ನು ಬಿಟ್ಟು ಬಂದ ಮರಿ, ಮೇಲಿಂದ ಇರಚಲು. ಗೋಳಿ ಅತ್ತ ಅಳುವಿಗೆ ಆಚೆಮನೆಯ ಅಕ್ಕ ಬೆಳಿಗ್ಗೆ ಬಂದು, "ಕಿನ್ನಿಗೆ ಎಂತ ಆಯ್ತು?" ಅಂತ ಕೇಳಿದರು. ನಮ್ಮ ಜಿಲ್ಲೆಯಲ್ಲಿ ಚಿರತೆ ಬಂದು ಅಂಗಳದ ನಾಯಿಯನ್ನು ಎತ್ತಿಕೊಂಡು ಹೋದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅದನ್ನು ನೆನಪಿಸಿದ ಮೇಲೆ ಅಪ್ಪ ಸುಮ್ಮನಾದರು.

ಆಮೇಲೆ ರಟ್ಟಿನ ಪೆಟ್ಟಿಗೆ, ನನ್ನ ಮಂಚದ ಪಕ್ಕ. ಕೈ ಇಳಿಬಿಟ್ಟರೆ ಮೂಸಿ ಮಲಗುತ್ತಿದ್ದಳು. ಅಳು ಆ ದಿನವೇ ನಿಂತಿತು. ಒಂದು ವಾರಕ್ಕೆ ಪೆಟ್ಟಿಗೆಯ ಗೋಡೆ ಅವಳ ಹೊಟ್ಟೆ ಸೇರುವ ಹಾಗಾಯಿತು. ಆಗ ಮಡಚುವ ಕಬ್ಬಿಣದ ಕ್ರೇಟ್ ತರಿಸಿದೆ. ಇದರ ಬಗ್ಗೆ ನನಗೆ ಮೊದಲು ಅಸಹ್ಯವೇ ಇತ್ತು, ಬೋನಿನ ಹಾಗೆ ಕಾಣುತ್ತದೆ ಅಲ್ವಾ. ತಂದ ದಿನವೇ ಬಾಗಿಲು ಹಾಕಿ ನೋಡಿದೆ, ಅದು ನನ್ನ ತಪ್ಪು. ಮರುದಿನ ಹತ್ತಿರಕ್ಕೇ ಬರಲಿಲ್ಲ. ಮತ್ತೆ ಬಾಗಿಲು ತೆರೆದಿಟ್ಟು, ಊಟದ ಬಟ್ಟಲನ್ನು ಒಳಗಿಟ್ಟು, ಎರಡು ವಾರ ಕಾದ ಮೇಲೆ ತಾನಾಗಿ ಹೋಗಿ ಮಲಗಿದಳು. ಈಗ ನಾವು ಊಟಕ್ಕೆ ಕೂತರೆ ಅವಳೇ ಒಳಗೆ ಹೋಗುತ್ತಾಳೆ. ಮಲಗುವ ಜಾಗವನ್ನು ಮರಿ ಆದಷ್ಟು ಗಲೀಜು ಮಾಡುವುದಿಲ್ಲ, ಮೂರು ಗಂಟೆಯ ಅಲಾರಂ ನಾಲ್ಕೂವರೆಗೆ ಜಾರಿದ್ದು ಅದರಿಂದಲೇ. ಅಂತೂ ನನ್ನ ಓಟು ಕ್ರೇಟಿಗೆ, ಆದರೆ ಮಂಚದ ಪಕ್ಕ ಇಟ್ಟರೆ ಮಾತ್ರ. ಒಂದು ದೂರು ಉಂಟು. ನಮ್ಮ ಗಾಳಿಗೆ ಎರಡೇ ತಿಂಗಳಲ್ಲಿ ಮೂಲೆಗಳು ತುಕ್ಕು ಹಿಡಿದವು. ಒಳಗೆ ಹಾಸುವ ಬೈರಾಸು (ಟವೆಲ್) ಒಣಗಲು ಬಚ್ಚಲಿನ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿದ್ದೇವೆ, ಅದರಲ್ಲಿ ಅಪ್ಪನ ಬನಿಯನ್ನಿಗಿಂತ ಗೋಳಿಯ ಬಟ್ಟೆಯೇ ಜಾಸ್ತಿ.

ಊಟದಲ್ಲಿ ಯಾರೂ ಪೂರ್ತಿ ಗೆಲ್ಲಲಿಲ್ಲ. ಅಮ್ಮ ಮೊದಲ ದಿನವೇ ದನದ ಹಾಲು ಕೊಟ್ಟರು, ರಾತ್ರಿಯಿಡೀ ಭೇದಿ. ಹಾಲು ಅಲ್ಲಿಗೆ ಬಂದ್. ಕುಚ್ಚಲಕ್ಕಿ ಗಂಜಿಗೆ ಬಂಗುಡೆ ಬೇಯಿಸಿ ಮುಳ್ಳು ಬಿಡಿಸಿ ಕಲಸಿದರೆ ಗೋಳಿ ಬಟ್ಟಲನ್ನೇ ತಿರುವಿ ನೆಕ್ಕುತ್ತಾಳೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳೆಲ್ಲ ದಡದಲ್ಲಿ. ಆಗಿನ ಬಂಗುಡೆಯ ರೇಟಿಗೆ ನಾವೇ ಎರಡು ಸಲ ಯೋಚಿಸುತ್ತೇವೆ. ಮೊಟ್ಟೆ, ಕೋಳಿ ಹಾಕಿ ಸುಧಾರಿಸಿದೆ. ಬರೀ ಗಂಜಿಯಲ್ಲಿ ಬೆಳೆಯುವ ಮೂಳೆಗೆ ಬೇಕಾದಷ್ಟು ಸುಣ್ಣದ ಅಂಶ ಇಲ್ಲ ಅಂತ ಡಾಕ್ಟ್ರು ಎಚ್ಚರಿಸಿದರು. ಪ್ಯಾಕೆಟ್ ಆಹಾರದಲ್ಲಿ ಆ ಲೆಕ್ಕವೆಲ್ಲ ಸರಿ ಇರುತ್ತದೆ. ಆದರೆ ಬಟ್ಟಲಲ್ಲಿ ಅರ್ಧ ಗಂಟೆ ಬಿಟ್ಟರೆ ಹಪ್ಪಳ ಮೆತ್ತಗಾದ ಹಾಗೆ ಮೆತ್ತಗಾಗುತ್ತದೆ, ಗೋಳಿ ಮೂಸಿ ಹೋಗುತ್ತಾಳೆ, ಇರುವೆ ಬರುತ್ತದೆ. ಈಗ ಬೆಳಿಗ್ಗೆ, ರಾತ್ರಿ ಪ್ಯಾಕೆಟ್ಟಿನದು, ಬಿಸಿನೀರಲ್ಲಿ ನೆನೆಸಿ. ಮಧ್ಯಾಹ್ನ ಸ್ವಲ್ಪ ಗಂಜಿ, ಮೊಟ್ಟೆ ಅಥವಾ ಮೀನು. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಈರುಳ್ಳಿ ನಾಯಿಯ ರಕ್ತವನ್ನೇ ಕೆಡಿಸುತ್ತದೆ, ಅದಕ್ಕೇ ನಮ್ಮ ಸಾರಿನ ಅನ್ನ ಹಾಕುವುದನ್ನು ಬಿಡಿಸಿದೆ. ಅಮ್ಮನಿಗೆ ಇನ್ನೂ ಅರ್ಧ ನಂಬಿಕೆ.

ಕಚ್ಚುವುದಕ್ಕೆ ರಬ್ಬರ್ ಆಟಿಕೆ ತಂದೆ, ಎರಡು ದಿನ ಆಡಿ ಬಿಟ್ಟಳು. ತೋಟದಿಂದ ಕೊತ್ತಳಿಗೆ, ಅಂದರೆ ತೆಂಗಿನ ಗರಿಯ ದಪ್ಪ ಬುಡದ ತುಂಡು ಕೊಟ್ಟೆ, ಬಹಳ ಇಷ್ಟವಾಯಿತು, ಆದರೆ ನಾರು ನುಂಗುತ್ತಾಳೆ, ಕಣ್ಣಿಟ್ಟು ಕೂರಬೇಕು. ನಿಜವಾಗಿ ಕೆಲಸಕ್ಕೆ ಬಂದದ್ದು ಹಳೆಯ ಬೈರಾಸು. ಗಂಟು ಹಾಕಿ, ಒದ್ದೆ ಮಾಡಿ, ಫ್ರೀಜರಿನಲ್ಲಿಟ್ಟದ್ದು. ಒಸಡಿಗೆ ತಂಪು. ಆಗಸ್ಟಿನಲ್ಲಿ ಗುಡಿಸುವಾಗ ಕೆಂಪು ನೆಲದ ಮೇಲೆ ಅಕ್ಕಿಕಾಳಿನಂಥ ಹಾಲುಹಲ್ಲು ಸಿಕ್ಕಿತು. ಇಪ್ಪತ್ತೆಂಟು ಹಾಲುಹಲ್ಲು ಉದುರಿ ನಲವತ್ತೆರಡು ಗಟ್ಟಿ ಹಲ್ಲು ಬರುವವರೆಗೆ, ಅಂದರೆ ಆರೇಳು ತಿಂಗಳವರೆಗೆ, ಇದು ಇದ್ದದ್ದೇ. ರೇಬೀಸ್ ಲಸಿಕೆಗೆ ಮೊದಲು ತಂಗಿಯ ಮಗನ ಬೆರಳಿಗೆ ಹಲ್ಲು ತಾಗಿ ರಕ್ತ ಬಂದಾಗ ಮಾತ್ರ ಆಟ ಅಂತ ಬಿಡಲಿಲ್ಲ. ಹದಿನೈದು ನಿಮಿಷ ನಲ್ಲಿಯಡಿ ಸಾಬೂನು ಹಾಕಿ ತೊಳೆದು ಆಸ್ಪತ್ರೆಗೆ ಹೋದೆವು, ಚುಚ್ಚುಮದ್ದೂ ಆಯಿತು.

ಉಣ್ಣಿಗೆ ಪೌಡರ್ ಹಾಕಿದರೆ ಮೊದಲ ಮಳೆಗೇ ಹೋಯಿತು. ಬೆನ್ನಿಗೆ ಬಿಡುವ ಹನಿಮದ್ದಿಗೆ ಹಿಂದೆ ಮುಂದೆ ಎರಡು ದಿನ ಮೈ ಒಣಗಿರಬೇಕಂತೆ. ಜುಲೈಯಲ್ಲಿ, ಉಡುಪಿಯಲ್ಲಿ! ತೂಕ ನೋಡಿ ಡಾಕ್ಟ್ರು ಕೊಟ್ಟ ತಿಂಗಳ ಮಾತ್ರೆಯೇ ಗತಿ.

ಮೊನ್ನೆ ನಾಲ್ಕು ದಿನ ಬಿಸಿಲು ಬಂತು. ಅಂಗಳ ಒಣಗಿತು, ಹುಲ್ಲು ಮೊಣಕಾಲೆತ್ತರ. ಗೋಳಿಯನ್ನು ಬಿಟ್ಟೆ. ಓಡಿದಳು, ಉರುಳಿದಳು, ದಾಸವಾಳದ ಗಿಡ ಅಗೆದಳು. ಅರ್ಧ ಗಂಟೆಯಾದ ಮೇಲೆ ಥಟ್ಟನೆ ನಿಂತು, ಅಷ್ಟು ದೊಡ್ಡ ಅಂಗಳ ಬಿಟ್ಟು, ಮನೆ ಸುತ್ತಿ ಹಿಂದಕ್ಕೆ ಓಡಿ, ಕೊಟ್ಟಿಗೆಯ ಮರಳಿನ ಮೇಲೆ ಕೂತಳು. ಇನ್ನು ಮುಂದಿನ ವಾರದಿಂದ ಆ ಮರಳನ್ನು ದಿನಾ ಒಂದೊಂದು ಹಿಡಿ ಹುಲ್ಲಿನ ಮೇಲೆ ಹಾಕುತ್ತಾ ಹೋಗಬೇಕು ಅಂತಿದ್ದೇನೆ.