ಆಕ್ಸಿಸ್, ಆರ್ಮ್‌ಸ್ಟ್ರಾಂಗ್, ಗಾಂಗ್: ಹಾಸನದವನ ಫಾಯಿಲ್ ಲೆಕ್ಕ

ಎರಡು ವರ್ಷದಿಂದ ವಿಂಗ್ ಫಾಯಿಲಿಂಗ್ ಕಲಿಯುತ್ತಿದ್ದೇನೆ. ಕೈಯಲ್ಲಿ ಗಾಳಿ ತುಂಬಿದ ಹಾಯಿ ಹಿಡಿದು ಬೋರ್ಡ್ ಮೇಲೆ ನೀರಲ್ಲಿ ಸಾಗುವ ಆಟ ಇದು, ವೇಗ ಬಂದಾಗ ಕೆಳಗಿರುವ ಫಾಯಿಲ್ ಬೋರ್ಡನ್ನು ನೀರಿಂದ ಮೇಲೆತ್ತುತ್ತದೆ. ಹಾಸನದಲ್ಲಿದ್ದುಕೊಂಡು ಇದೆಂಥ ಹುಚ್ಚು ಅಂತ ಮನೆಯಲ್ಲಿ ಕೇಳುತ್ತಾರೆ, ತಪ್ಪಿಲ್ಲ. ಶನಿವಾರ ಬೆಳಗ್ಗೆ ಶಿರಾಡಿ ಘಾಟಿ ಇಳಿದು ಮೂಲ್ಕಿ ಕಡೆ ಹೋಗಿ, ಮಧ್ಯಾಹ್ನದ ಮೇಲೆ ಏಳುವ ಕಡಲ ಗಾಳಿಗೆ ಕಾದು, ಭಾನುವಾರ ರಾತ್ರಿ ವಾಪಸ್.

ಫಾಯಿಲ್ ಅಂದರೆ ಬೋರ್ಡಿನ ಕೆಳಗೆ ಕಂಬದಂಥ ಮಾಸ್ಟ್, ಅದರ ತುದಿಗೆ ಫ್ಯೂಸಲಾಜ್ ಅನ್ನುವ ಅಡ್ಡ ದಂಡ, ಆ ದಂಡದ ಮುಂದೆ ದೊಡ್ಡ ರೆಕ್ಕೆ, ಹಿಂದೆ ಚಿಕ್ಕದು. ಇಲ್ಲೇ ಇರುವುದು ತಾಪತ್ರಯ. ಮಿಕ್ಸಿ ಜಾರ್ ಇದ್ದ ಹಾಗೆ, ಒಂದು ಕಂಪನಿಯ ರೆಕ್ಕೆ ಇನ್ನೊಂದರ ಫ್ಯೂಸಲಾಜಿಗೆ ಕೂರುವುದಿಲ್ಲ. ಮೊದಲು ತಗೊಂಡ ಕಂಪನಿಗೇ ಆಮೇಲೂ ದುಡ್ಡು ಸುರಿಯಬೇಕು.

ನ್ಯೂಜಿಲೆಂಡಿನ ಆರ್ಮ್‌ಸ್ಟ್ರಾಂಗ್ ಕಂಪನಿಯ ಫಾಯಿಲ್ ಗೆಳೆಯನ ಹತ್ತಿರ ತಗೊಂಡು ಓಡಿಸಿದ್ದೇನೆ. ಕಾರ್ಬನ್ ಮಾಸ್ಟ್, ಟೈಟಾನಿಯಂ ಬೋಲ್ಟ್, ಎಲ್ಲೂ ಒಂಚೂರು ಅಲುಗಾಟ ಇಲ್ಲ. ಬೆಲೆ ನೋಡಿ ಸುಮ್ನೆ ವಾಪಸ್ ಕೊಟ್ಟೆ. ಫ್ರಾನ್ಸಿನ ಗಾಂಗ್ ನೆಟ್‌ನಲ್ಲಿ ನೇರವಾಗಿ ಮಾರುತ್ತದೆ, ರೇಟು ಕಡಿಮೆ, ಆದರೆ ಸಾಗಣೆ ಖರ್ಚು, ಕಸ್ಟಮ್ಸ್ ಎಲ್ಲ ಸೇರಿಸಿದ ಮೇಲೆ ಲೆಕ್ಕ ಹಾಕಿ.

ನಾನು ಕೊನೆಗೆ ತಗೊಂಡಿದ್ದು ಆಕ್ಸಿಸ್, ಅದೂ ನ್ಯೂಜಿಲೆಂಡಿನದೇ. 19 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಮಾಸ್ಟ್. ಕಾರ್ಬನ್‌ಗಿಂತ ಭಾರ, ಮರಳಲ್ಲಿ ಹೊತ್ತುಕೊಂಡು ಹೋಗುವಾಗ ಹೆಗಲು ಹೇಳುತ್ತೆ. ನೀರಲ್ಲಿ ಮಾತ್ರ ಗಟ್ಟಿ, ಬಾಗುವುದಿಲ್ಲ. ಇನ್ನೊಂದು ಕಾರಣ, ಮೂಲ್ಕಿಯಲ್ಲಿ ಜೊತೆಗೆ ಇಳಿಯುವ ಇಬ್ಬರ ಹತ್ತಿರವೂ ಅದೇ ಇದೆ. ರೆಕ್ಕೆ ಬದಲಾಯಿಸಿಕೊಳ್ಳಬಹುದು, ಬೋಲ್ಟ್ ಕಳೆದರೆ ಕೇಳಬಹುದು. ಹಾಸನದಲ್ಲಿ ಅಂಥ ಬೋಲ್ಟ್ ಯಾವ ಅಂಗಡಿಯಲ್ಲಿ ಹುಡುಕಲಿ ಹೇಳಿ?

ಬೋಲ್ಟ್ ವಿಷಯ ಸುಮ್ಮನೆ ಹೇಳುತ್ತಿಲ್ಲ. ಇದಕ್ಕೂ ಮೊದಲು ಯಾವುದೋ ಸೆಕೆಂಡ್ ಹ್ಯಾಂಡ್ ಸೆಟ್ ಇತ್ತು. ಉಪ್ಪುನೀರಿಂದ ತಂದು, ಬಿಚ್ಚದೆ, ತೊಳೆಯದೆ, ಎರಡು ವಾರ ಶೆಡ್ಡಲ್ಲಿ ಇಟ್ಟೆ. ಸ್ಟೀಲ್ ಬೋಲ್ಟ್, ಅಲ್ಯೂಮಿನಿಯಂ, ಮಧ್ಯೆ ಉಪ್ಪು, ಮೂರೂ ಸೇರಿ ಕಚ್ಚಿಕೊಂಡುಬಿಟ್ಟವು. ಕೊನೆಗೆ ಲೇತ್ ಅಂಗಡಿಗೆ ಹೊತ್ತುಕೊಂಡು ಹೋದೆ. "ಏನ್ ಸಾರ್ ಇದು, ಫ್ಯಾನ್ ರೆಕ್ಕೆನಾ?" ಅಂತ ನಕ್ಕ ಹುಡುಗ ಅರ್ಧ ದಿನ ಕೂತು ಡ್ರಿಲ್ ಹಾಕಿ ತೆಗೆದ. ಈಗ ಬೋಲ್ಟಿಗೆ ಗ್ರೀಸ್ ಹಚ್ಚಿಯೇ ಕೂರಿಸುತ್ತೇನೆ, ಘಾಟಿ ಹತ್ತುವ ಮೊದಲೇ ಬಿಚ್ಚಿ ಸಿಹಿನೀರಲ್ಲಿ ತೊಳೆಯುತ್ತೇನೆ.

ರೆಕ್ಕೆಯ ಅಳತೆ ಹೇಳುವುದು ಮರೆತೆ. ಕಂಪನಿ ಯಾವುದಾದರೂ ಇರಲಿ, ಕಲಿಯುವಾಗ 1,800 ಚದರ ಸೆಂಟಿಮೀಟರ್ ಆಸುಪಾಸಿನ ಮುಂದಿನ ರೆಕ್ಕೆ ತಗೊಳ್ಳಿ. ನಮ್ಮ ಕಡಲ ಗಾಳಿಗೆ ಜೋರು ಜಾಸ್ತಿ ಇಲ್ಲ, ಚಿಕ್ಕ ರೆಕ್ಕೆ ಹಾಕಿದರೆ ಬೋರ್ಡ್ ಮೇಲೇಳುವುದೇ ಇಲ್ಲ. ವಿಡಿಯೊ ನೋಡಿ 900ರದ್ದು ತರಿಸಿದವರೊಬ್ಬರು ಇಡೀ ಸೀಸನ್ ಮಂಡಿಯೂರಿಯೇ ಕಳೆದರು. ಆ ರೆಕ್ಕೆ ಈಗ ಮಾರಾಟಕ್ಕಿದೆ, ಹೊಸದರ ಹಾಗೇ ಇದೆ.