ಹೆರಿಗೆಯ ನಂತರದ ರಕ್ತಸ್ರಾವ: ನನ್ನ ಮೊದಲ ಆಯ್ಕೆ ಹೇಮನ್ ಹೊಲಿಗೆ

ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಎಲ್ಲ ಕೊಟ್ಟ ಮೇಲೂ ಗರ್ಭಕೋಶ ಗಟ್ಟಿಯಾಗದೆ ಹೊಟ್ಟೆ ತೆರೆಯಲೇಬೇಕಾದಾಗ, ಮಂಡ್ಯದ ಸಣ್ಣ ಆಸ್ಪತ್ರೆಯೊಂದರಲ್ಲಿ ಹೆರಿಗೆ ಮಾಡಿಸುವ ನಾನು ಮೊದಲು ನೆಚ್ಚುವುದು ಗರ್ಭಕೋಶವನ್ನು ಅದುಮಿ ಹಿಡಿದು ರಕ್ತ ನಿಲ್ಲಿಸುವ, 2002ರಲ್ಲಿ ಪ್ರಕಟವಾದ ಹೇಮನ್ ಹೊಲಿಗೆಯನ್ನು.

ಹೀಗೆಯೇ ಅದುಮುವ 1997ರ ಬಿ-ಲಿಂಚ್ ಹೊಲಿಗೆಯನ್ನೂ ಹಾಕಿದ್ದೇನೆ. ಸಿಸೇರಿಯನ್ ಆಗಿದ್ದರೆ ಅದೇ ಸರಿ. ಗರ್ಭಕೋಶ ಹೇಗೂ ತೆರೆದಿರುತ್ತದೆ, ಮಾಸಿನ ಚೂರು ಉಳಿದಿದೆಯೇ ಎಂದೂ ನೋಡಬಹುದು. ಸಹಜ ಹೆರಿಗೆಯಾಗಿದ್ದರೆ ಅದಕ್ಕಾಗಿಯೇ ಗರ್ಭಕೋಶ ಕೊಯ್ಯಬೇಕು. ಹೇಮನ್‌ಗೆ ಆ ಕೊಯ್ತ ಬೇಡ. ಮೂತ್ರಕೋಶವನ್ನು ಕೆಳಕ್ಕೆ ಸರಿಸಿ, ಗರ್ಭಕೋಶದ ಕೆಳಭಾಗದಲ್ಲಿ ಮುಂದಿನಿಂದ ಹಿಂದಕ್ಕೆ ಚುಚ್ಚಿ, ದಾರದ ಎರಡು ತುದಿಗಳನ್ನು ಮೇಲೆ ತಂದು ಗಂಟು ಹಾಕಿದರಾಯಿತು, ಎಡಕ್ಕೊಂದು, ಬಲಕ್ಕೊಂದು.

ಕಾಡುವುದು ಸೂಜಿ. ನಮ್ಮಲ್ಲಿ ಸದಾ ಇರುವ ಒಂದನೇ ನಂಬರಿನ, ತಾನಾಗಿ ಕರಗುವ ದಾರವಾದ ವಿಕ್ರಿಲ್‌ಗೆ 40 ಮಿ.ಮೀ.ನ ಬಾಗು ಸೂಜಿ. ಆಗಷ್ಟೇ ಹೆತ್ತ ಗರ್ಭಕೋಶದ ಎರಡೂ ಗೋಡೆ ದಾಟಲು ಅದು ಸಾಲದು. ಮುಂದಿನಿಂದ ಚುಚ್ಚಿದರೆ ತುದಿ ಹಿಂದೆ ಮೂಡುವುದೇ ಇಲ್ಲ. ಹಿಂದಕ್ಕೆಳೆದು ಮತ್ತೆ ಚುಚ್ಚಿದರೆ ಹೊಸ ತೂತಿನಿಂದಲೂ ರಕ್ತ ಜಿನುಗುತ್ತದೆ. ಅಷ್ಟು ಹೊತ್ತೂ ಎದುರಿಗೆ ನಿಂತ ಸಿಸ್ಟರ್ ಎರಡೂ ಕೈಯಲ್ಲಿ ಗರ್ಭಕೋಶವನ್ನು ಅದುಮಿ ಹಿಡಿದಿರಬೇಕು. ಬೆರಳು ಸೋತು ಹಿಡಿತ ಸಡಿಲವಾದರೆ ರಕ್ತ ಮತ್ತೆ ಧುಮುಕುತ್ತದೆ.

ಉದ್ದನೆಯ ಸೂಜಿಯಿರುವ ದಾರವನ್ನು ಡಬ್ಬಿಗಟ್ಟಲೆ ಕೊಳ್ಳಬೇಕು, ಅವಧಿ ಮುಗಿದರೆ ಎಸೆಯಬೇಕು. ನಮ್ಮ ಬಜೆಟ್ಟಿಗೆ ಅದು ಭಾರ. ಹಾಗಾಗಿ ಕಣ್ಣಿರುವ ಉದ್ದನೆಯ ನೇರ ಸೂಜಿಗಳನ್ನು ಆಟೋಕ್ಲೇವ್ ಮಾಡಿಸಿ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲಿಸಿ), ಬೇರೆಯದೇ ಟ್ರೇಯಲ್ಲಿ ದಾರದ ಜೊತೆ ಇಡಿಸಿದ್ದೇನೆ. ಆ ಟ್ರೇಯನ್ನು ಬೇರೆ ಕೆಲಸಕ್ಕೆ ಯಾರೂ ಮುಟ್ಟುವಂತಿಲ್ಲ. ಹೊಲಿಯುವ ಮುಂಚೆ ಗರ್ಭಕೋಶವನ್ನು ಕೈಯಲ್ಲೇ ಹಿಂಡಿ ನೋಡುತ್ತೇನೆ. ಕೆಳಗಿನಿಂದ ಬರುವ ರಕ್ತ ನಿಂತರೆ ಹೊಲಿಗೆಯೂ ನಿಲ್ಲಿಸುತ್ತದೆ ಎಂಬ ಭರವಸೆ.

ಬಾಂಗ್ಲಾದೇಶದ ಡಾ. ಸಾಯೆಬಾ ಅಖ್ತರ್ ರೂಪಿಸಿದ, ಗರ್ಭಕೋಶದೊಳಗಿಟ್ಟು ಸಲೈನ್ ತುಂಬಿ ಒಳಗಿನಿಂದ ಒತ್ತುವ ಕಾಂಡೋಮ್ ಬಲೂನ್ ತೀರಾ ಅಗ್ಗ. ಸಹಜ ಹೆರಿಗೆಯಾದವರಿಗೆ ಹೊಟ್ಟೆ ತೆರೆಯುವ ಮುಂಚೆ ಅದನ್ನು ಹಾಕಿಯೇ ಹಾಕುತ್ತೇನೆ. ಗರ್ಭಕಂಠ ಪೂರ್ತಿ ತೆರೆದಿದ್ದರೆ ಮಾತ್ರ ಜಾರಿ ಹೊರಬರುತ್ತದೆ.

ಗರ್ಭಕೋಶದ ಅಪಧಮನಿ ಕಟ್ಟುವುದು ಬೇಗ ಆಗುವ ಕೆಲಸ, ಹೊಲಿಗೆಯ ಜೊತೆಗೇ ಮಾಡುತ್ತೇನೆ. ಗರ್ಭಕೋಶಕ್ಕೂ ರಕ್ತ ಕೊಡುವ, ಸೊಂಟದೊಳಗಿನ ದೊಡ್ಡ ರಕ್ತನಾಳವಾದ ಆಂತರಿಕ ಇಲಿಯಾಕ್ ಅಪಧಮನಿ ಕಟ್ಟುವುದಕ್ಕೆ ನುರಿತ ಕೈ ಬೇಕು, ಅದಕ್ಕೆ ಅಂಟಿಕೊಂಡೇ ಇರುವ ಅಭಿಧಮನಿ ಹರಿದರೆ ಇನ್ನೊಂದು ಅನಾಹುತ. ಎಂಬೊಲೈಸೇಶನ್‌ಗೆ (ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ ಅದನ್ನು ಮುಚ್ಚುವುದು) ಎಕ್ಸ್-ರೇ ನೋಡುತ್ತಾ ಆ ಕೆಲಸ ಮಾಡುವ ಕ್ಯಾಥ್ ಲ್ಯಾಬ್ ಬೇಕು. ರಕ್ತ ಸುರಿಯುತ್ತಿರುವವರನ್ನು ಅದಕ್ಕಾಗಿ ಸುಮಾರು 45 ಕಿ.ಮೀ. ದೂರದ ಮೈಸೂರಿಗೆ ಸಾಗಿಸಲು ನನಗೆ ಧೈರ್ಯವಿಲ್ಲ.

ಹೊಲಿಗೆ ಬಿಗಿದ ಮೇಲೂ ರಕ್ತ ನಿಲ್ಲದಿದ್ದರೆ ಮತ್ತೊಂದು ಪ್ರಯೋಗಕ್ಕೆ ಹೊತ್ತು ಕಳೆಯದೆ ಗರ್ಭಕೋಶವನ್ನೇ ತೆಗೆಯುತ್ತೇನೆ.